ಆದೇಶ ಯೂನಿಕೋಡ್‌ಗೆ, ಡೀಫಾಲ್ಟ್ ಆಸ್ಕಿಗೆ: ಕನ್ನಡ ಇನ್ನೆಷ್ಟು ದಿನ ಎರಡು ದೋಣಿಯಲ್ಲಿ ಕಾಲಿಡಬೇಕು?

ನೇರವಾಗಿಯೇ ಹೇಳಿಬಿಡುತ್ತೇವೆ. ಕಚೇರಿಯಿಂದ ನಿಮ್ಮ ಮೊಬೈಲಿಗೆ ಬಂದ ಕನ್ನಡ ಕಾಗದ ಓದೋಕೆ ಬರದ ಹಾಗಿದ್ದರೆ ತಪ್ಪು ನಿಮ್ಮ ಮೊಬೈಲಿನದ್ದಲ್ಲ. ನಿಮ್ಮದಂತೂ ಅಲ್ಲವೇ ಅಲ್ಲ. ಅದನ್ನು ಟೈಪ್ ಮಾಡಿದ ಹುಡುಗಿಯದ್ದೂ ಅಲ್ಲ. ತಪ್ಪು ಇರುವುದು ಆ ಕಂಪ್ಯೂಟರಿನೊಳಗೆ, ಯಾರೂ ತೆರೆದು ನೋಡದ ಒಂದು ಸೆಟ್ಟಿಂಗಿನಲ್ಲಿ. ಅದನ್ನು ಸರಿಮಾಡಲು ಹೊಸ ಕಂಪ್ಯೂಟರು ಬೇಕಿಲ್ಲ, ಕೋಟಿಗಟ್ಟಲೆ ಯೋಜನೆ ಬೇಕಿಲ್ಲ, ಶಂಕುಸ್ಥಾಪನೆಯ ಕಲ್ಲೂ ಬೇಕಿಲ್ಲ. ಬಹುಶಃ ಅದಕ್ಕೇ ಯಾರೂ ಮಾಡುತ್ತಿಲ್ಲ.

ಗುಬ್ಬಿ ತಾಲ್ಲೂಕಿನ ಒಂದು ಊರು. ಹೆಸರು ಬೇಡ, ಇದು ಎಲ್ಲ ಊರಿನ ಕಥೆ. ಮನೆ ಕೊಡುವ ಫಲಾನುಭವಿಗಳ ಪಟ್ಟಿ ಊರಿನ ವಾಟ್ಸಾಪ್ ಗುಂಪಿಗೆ ವರ್ಡ್ ಫೈಲಾಗಿ ಬಂತು. ತೆರೆದವರಿಗೆಲ್ಲ ಕಂಡಿದ್ದು ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೀಟು, ಚುಕ್ಕಿ, ಪೌಂಡು ಚಿಹ್ನೆ. ಯಾರೋ ಒಬ್ಬರು ಕಚೇರಿಗೆ ಹೋಗಿ ಗೋಡೆಗೆ ಅಂಟಿಸಿದ್ದ ಪ್ರತಿಯ ಫೋಟೋ ಹೊಡೆದು ಹಾಕಿದರು. ಫೋಟೋ ಅರ್ಧ ನೆರಳು, ಅರ್ಧ ಬಿಸಿಲು. ತನ್ನ ಹೆಸರಿದೆಯೋ ಇಲ್ಲವೋ ಎಂದು ತಿಳಿಯಲು ಅಜ್ಜಿಯೊಬ್ಬರು ಕೂಲಿ ಬಿಟ್ಟು ಪಂಚಾಯ್ತಿಗೆ ನಡೆದರು. ಪಟ್ಟಿಗೆ ಆಕ್ಷೇಪಣೆ ಸಲ್ಲಿಸುವ ಗಡುವು ಯಾರಿಗೂ ಕಾಯುವುದಿಲ್ಲ. ಇಲ್ಲಿ ಲಂಚವಿಲ್ಲ, ಕೆಟ್ಟ ಮನಸ್ಸೂ ಇಲ್ಲ. ಬರೀ ಒಂದು ಡೀಫಾಲ್ಟ್.

ಡೀಫಾಲ್ಟ್ ಅಂದರೇನು?

ನೀವು ಏನೂ ಹೇಳದಿದ್ದರೆ ಯಂತ್ರ ತಾನಾಗಿಯೇ ಹಿಡಿಯುವ ದಾರಿ. ಗಾಡಿ ಹೊಡೆಯುವವನು ತೂಕಡಿಸಿದರೂ ಎತ್ತು ತಾನೇ ಮನೆ ದಾರಿ ಹಿಡಿಯುತ್ತದಲ್ಲ, ಹಾಗೆ. ಎಲ್ಲ ಎತ್ತೂ ಒಂದೇ ಮನೆಗೆ ಹೋಗುವಂತಿದ್ದರೆ ತೂಕಡಿಸಿದರೂ ಚಿಂತೆಯಿಲ್ಲ. ಒಂದು ಎತ್ತು ಗುಬ್ಬಿಗೆ, ಇನ್ನೊಂದು ಕುಣಿಗಲ್‌ಗೆ ಎಳೆದರೆ ಗಾಡಿಯ ಗತಿ ಏನು? ಕನ್ನಡ ಟೈಪ್ ಮಾಡುವ ತಂತ್ರಾಂಶಗಳ ಸ್ಥಿತಿ ಇವತ್ತಿಗೂ ಇದೇ.

ಇಲ್ಲಿ ಎರಡು ಸಂಗತಿ ಕಲಸಿಹೋಗಿವೆ. ಮೊದಲು ಬೇರೆ ಮಾಡೋಣ. ಒಂದು, ಬೆರಳು ಯಾವ ಕೀ ಒತ್ತಬೇಕು ಎಂಬುದು. ಅದು ಕೀಲಿಮಣೆಯ ವಿಷಯ. ಎರಡು, ಒತ್ತಿದ ಮೇಲೆ ಫೈಲಿನೊಳಗೆ ಏನು ಸೇರುತ್ತದೆ ಎಂಬುದು. ಅದು ಸಂಕೇತದ, ಅಂದರೆ ಕೋಡಿನ ವಿಷಯ.

ಮೊದಲನೆಯದು ನೋಡಿ. ‘ಅಮ್ಮ’ ಎಂದು ಬರೆಯಬೇಕು. ನುಡಿಯ ಕೀಲಿಮಣೆಯಲ್ಲಿ ಎ, ಎಂ, ಎಫ್, ಎಂ ಒತ್ತಬೇಕು. ಅಲ್ಲಿ ಎಫ್ ಎಂದರೆ ಒತ್ತು ಕೊಡುವ ಕೀ. ಬರಹದ ಲಿಪ್ಯಂತರದಲ್ಲಾಗಲಿ, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಿಂದ ಕನ್ನಡ ಬರೆಯುವಾಗಾಗಲಿ ಎ, ಎಂ, ಎಂ, ಎ. ವಿಂಡೋಸ್ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು ಡಿ, ಆಮೇಲೆ ಸಿ, ಡಿ, ಸಿ. ಮೊಬೈಲಿನ ಅಭ್ಯಾಸದಲ್ಲಿ ಬಂದ ಹುಡುಗ ನುಡಿಯಲ್ಲಿ ಎ-ಎಂ-ಎಂ-ಎ ಒತ್ತಿದರೆ ‘ಅಮಮಅ’ ಎಂದು ಬರುತ್ತದೆ. ಅಮ್ಮನನ್ನು ಬರೆಯಲು ಮೂರು ದಾರಿ. ತಮಾಷೆಯಾಗಿದೆ, ಕಿರಿಕಿರಿಯೂ ಹೌದು. ಆದರೆ ಇದರಿಂದ ಪ್ರಾಣ ಹೋಗುವುದಿಲ್ಲ. ಮೂರು ದಾರಿಯಲ್ಲಿ ಬಂದವರೂ ಕೊನೆಗೆ ಒಂದೇ ‘ಅಮ್ಮ’ನನ್ನು ಫೈಲಿಗೆ ಸೇರಿಸಿದರೆ ಸಾಕು.

ಸೇರಿಸುವುದಿಲ್ಲ ಎಂಬುದೇ ನಮ್ಮ ತಕರಾರು.

ವೇಷ ಹಾಕಿದ ಇಂಗ್ಲಿಷು

ನಮ್ಮ ಗುಬ್ಬಿ ನಾಟಕದ ಊರು. 1884ರಲ್ಲಿ ಹುಟ್ಟಿದ ಕಂಪನಿ, ಗುಬ್ಬಿ ವೀರಣ್ಣನವರ ಹೆಸರಿನಿಂದ ನಾಡೆಲ್ಲ ಮಾತಾದ ಕಂಪನಿ. ಆದ್ದರಿಂದ ನಾಟಕದ ಭಾಷೆಯಲ್ಲೇ ಹೇಳುತ್ತೇವೆ. ಹಳೆಯ ಆಸ್ಕಿ ಪದ್ಧತಿಯಲ್ಲಿ ಕಂಪ್ಯೂಟರಿನೊಳಗೆ ಕನ್ನಡವೇ ಇಲ್ಲ. ಇರುವುದು ಇಂಗ್ಲಿಷು ಮತ್ತು ಯುರೋಪಿನ ಚಿಹ್ನೆಗಳು. ಅವುಕ್ಕೆ ಫಾಂಟ್ ಎಂಬ ವೇಷ ತೊಡಿಸಿ ಕನ್ನಡ ಅನ್ನಿಸುತ್ತಾರೆ. ‘ಕನ್ನಡ’ ಎಂಬ ಮೂರಕ್ಷರದ ಪದವನ್ನೇ ತೆಗೆದುಕೊಳ್ಳಿ. ನುಡಿಯ ಆಸ್ಕಿಯಲ್ಲಿ ಅದರೊಳಗೆ ಇರುವುದು ದೊಡ್ಡ ಪಿ, ತಲೆಗೆ ಗೀಟೆಳೆದ ಎ, ಬ್ರಿಟನ್ನಿನ ಪೌಂಡು ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಎ. ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಇದು ‘ಕನ್ನಡ’. ವೇಷದ ಪೆಟ್ಟಿಗೆ ಬರದಿರುವ ನಿಮ್ಮ ಮೊಬೈಲಿನಲ್ಲಿ ಇದು ಪಿ, ಪೌಂಡು, ಕ್ಯೂ.

ಯೂನಿಕೋಡ್ ಹಾಗಲ್ಲ. ಅಲ್ಲಿ ‘ಕ’ ಎಂದರೆ ಜಗತ್ತಿನ ಎಲ್ಲ ಯಂತ್ರದಲ್ಲೂ ‘ಕ’ ಮಾತ್ರ. ಅದಕ್ಕೆ ಅದರದ್ದೇ ಸಂಖ್ಯೆ ಇದೆ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿ ಸಿಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿ ಯೂನಿಕೋಡ್ ಕನ್ನಡ ತೋರಿಸುತ್ತಿತ್ತು. ನಿಮ್ಮ ಕೈಯಲ್ಲಿರುವ ಮೊಬೈಲು, ನೀವೀಗ ಓದುತ್ತಿರುವ ಈ ಸಾಲು, ಎರಡೂ ಯೂನಿಕೋಡೇ.

ವ್ಯತ್ಯಾಸ ಕಣ್ಣಿಗೆ ಕಾಣುವ ಅಂದದ್ದಲ್ಲ. ಆಸ್ಕಿಯ ಫೈಲಿನಲ್ಲಿ ನಿಮ್ಮ ಹೆಸರನ್ನು ಮೊಬೈಲಿನಿಂದ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ನಿಮ್ಮ ಹೆಸರೇ ಇಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಆ ಪತ್ರವನ್ನು ಓದಲಾರದು, ಅದಕ್ಕೆ ಸಿಗುವುದು ಇಂಗ್ಲಿಷ್ ಅಕ್ಷರದ ರಾಶಿ. ಅಲ್ಲಿಂದ ನಕಲು ಮಾಡಿ ಆನ್‌ಲೈನ್ ಅರ್ಜಿಗೆ ಅಂಟಿಸಿದರೆ ಕಸ ಬೀಳುತ್ತದೆ. ಆಗ ಏನು? ಮತ್ತೆ ಟೈಪಿಂಗ್ ಅಂಗಡಿ, ಮತ್ತೆ ಪುಟಕ್ಕೆ ಇಷ್ಟು ಅಂತ ದುಡ್ಡು. ಸರ್ಕಾರದ ಸೆಟ್ಟಿಂಗ್ ತಪ್ಪಿಗೆ ದಂಡ ಕಟ್ಟುವವರು ಕೂಲಿ ಬಿಟ್ಟು ಬಂದವರು.

ಆದೇಶ ಇದೆ, ಆಳು ಇಲ್ಲ

ಇದು ಯಾರಿಗೂ ಗೊತ್ತಿಲ್ಲದ ವಿಷಯವಲ್ಲ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯನ್ನು ಆಧಾರವಾಗಿಟ್ಟುಕೊಂಡು ಕನ್ನಡ ಗಣಕ ಪರಿಷತ್ತು ನುಡಿಯನ್ನು ಕಟ್ಟಿತು, ಸರ್ಕಾರ ಅದನ್ನು ಕಚೇರಿಗಳಿಗೆ ತಂದಿತು. ಅದಕ್ಕೂ ಮೊದಲು, 1998ರಲ್ಲಿ, ಶೇಷಾದ್ರಿವಾಸು ಅವರ ಬರಹ ಬಂದಿತ್ತು. ಇವೆರಡೂ ಇಲ್ಲದಿದ್ದರೆ ಕನ್ನಡಿಗರು ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂರಬೇಕಿತ್ತು. ಆ ಋಣ ನಮಗೆ ಗೊತ್ತು. ನಾವು ದೂರುತ್ತಿರುವುದು ಆ ತಂತ್ರಾಂಶಗಳನ್ನಲ್ಲ. ಕನ್ನಡ ಯೂನಿಕೋಡ್‌ಗೆ ಬರಲೇಬೇಕು ಎಂದು ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರೇ ಹಟ ಹಿಡಿದಿದ್ದರು. ಅವರು ತೀರಿಕೊಂಡದ್ದು 2007ರಲ್ಲಿ. ಕೊನೆಗೆ 2012ರಲ್ಲಿ ರಾಜ್ಯ ಸರ್ಕಾರ ಯೂನಿಕೋಡನ್ನು ಕನ್ನಡದ ಶಿಷ್ಟತೆಯಾಗಿ ಒಪ್ಪಿ ಆದೇಶ ಹೊರಡಿಸಿತು. ಆಮೇಲೆ ಬಂದ ನುಡಿಯೂ ಯೂನಿಕೋಡ್ ಬರೆಯಬಲ್ಲದು, ಬರಹವೂ ಬರೆಯಬಲ್ಲದು. ಶಕ್ತಿ ಇದೆ. ಯಂತ್ರಗಳನ್ನೆಲ್ಲ ಒಂದೇ ದಾರಿಗೆ ತಿರುಗಿಸಿ ಬಿಡುವ ಆಳು ಇಲ್ಲ.

ಹಾಗಾದರೆ ಆಸ್ಕಿ ಇನ್ನೂ ಯಾಕೆ ಹುಟ್ಟುತ್ತಿದೆ? ಕಚೇರಿಯಲ್ಲಿ ಹೊಸ ಪತ್ರವನ್ನು ಹೊಸದಾಗಿ ಬರೆಯುವವರು ಕಡಿಮೆ. ಹಳೆಯ ಪತ್ರ ತೆರೆಯುತ್ತಾರೆ, ದಿನಾಂಕ ತಿದ್ದುತ್ತಾರೆ, ಹೆಸರು ತಿದ್ದುತ್ತಾರೆ, ಬೇರೆ ಹೆಸರಲ್ಲಿ ಸೇವ್ ಮಾಡುತ್ತಾರೆ. ಹಳೆಯ ಪತ್ರ ಆಸ್ಕಿಯಾದರೆ ಹೊಸದೂ ಆಸ್ಕಿ. ಅದರಿಂದ ಮುಂದಿನ ವರ್ಷದ್ದೂ ಆಸ್ಕಿ. ಪಾರ್ಥೇನಿಯಂ ಗಿಡದ ಹಾಗೆ, ಯಾರೂ ಬಿತ್ತಬೇಕಾಗಿಲ್ಲ. ಕಚೇರಿಯ ನಿಜವಾದ ಡೀಫಾಲ್ಟ್ ತಂತ್ರಾಂಶದಲ್ಲಿಲ್ಲ, ಡೆಸ್ಕ್‌ಟಾಪಿನ ಮೇಲಿರುವ ಆ ಹಳೆಯ ಮಾದರಿ ಪತ್ರದಲ್ಲಿದೆ. ಆದೇಶ ಹೊರಡಿಸಿದವರು ಆ ಮಾದರಿ ಪತ್ರವನ್ನು ಮಾತ್ರ ಮುಟ್ಟಲಿಲ್ಲ.

ತೂಕದ ಮಾತು ನೆನಪಿಸಿಕೊಳ್ಳಿ. 1956ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂತು, 1958ರಿಂದ ಹಂತಹಂತವಾಗಿ ದೇಶದಲ್ಲಿ ಕಿಲೋ ಬಂತು. ಊರಿಗೊಂದು ಸೇರು ಇದ್ದ ಕಾಲ ಅದು. ಆವತ್ತು ಸರ್ಕಾರ ಬರೀ ಕಾಗದ ಹೊರಡಿಸಿ ಸುಮ್ಮನಾಗಲಿಲ್ಲ. ಬಟ್ಟು ಬದಲಾಯಿತು, ತಕ್ಕಡಿಗೆ ಮುದ್ರೆ ಬಿತ್ತು, ಮುದ್ರೆ ಇಲ್ಲದವನಿಗೆ ದಂಡ ಬಿತ್ತು. ಇವತ್ತಿಗೂ ಅಂಗಡಿಯ ತಕ್ಕಡಿಗೆ ಮುದ್ರೆ ಬೇಕು. ಕಚೇರಿಯ ಕಂಪ್ಯೂಟರಿಗೆ ಮುದ್ರೆ ಒತ್ತುವವರು ಯಾರು?

ದೊಡ್ಡವರೂ ಎಡವಿದ್ದಾರೆ, ತಿದ್ದಿಕೊಂಡಿದ್ದಾರೆ

‘ಇದು ಬರೀ ಕನ್ನಡದ ಗೋಳು’ ಎಂದು ಯಾರಾದರೂ ಅಂದರೆ ನಂಬಬೇಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ಪವರ್‌ಶೆಲ್ ಎಂಬ ಸಲಕರಣೆ ಇದೆ. ಮೌಸ್ ಇಲ್ಲದೆ, ಆಜ್ಞೆಯನ್ನು ಟೈಪ್ ಮಾಡಿ ಕೆಲಸ ಮಾಡಿಸುವುದು. ಸಾವಿರ ಹೆಸರಿನ ಪಟ್ಟಿಯನ್ನು ಒಂದೇ ಸಾಲಿನ ಆಜ್ಞೆಯಿಂದ ಫೈಲು ಮಾಡಬಹುದು. ಅದರ 5.1ನೇ ಆವೃತ್ತಿಯಲ್ಲಿ ಫೈಲಿಗೆ ಬರೆಯುವ ಆಜ್ಞೆಗಳೇ ಹಲವು. ಔಟ್-ಫೈಲ್ ಎಂಬ ಆಜ್ಞೆ ಏನೂ ಹೇಳದಿದ್ದರೆ ಯುಟಿಎಫ್-16ರಲ್ಲಿ ಬರೆಯುತ್ತದೆ. ಸೆಟ್-ಕಂಟೆಂಟ್ ಆ ಕಂಪ್ಯೂಟರಿನ ಹಳೆಯ ಸ್ಥಳೀಯ ಕೋಡಿನಲ್ಲಿ ಬರೆಯುತ್ತದೆ. ಎಕ್ಸ್‌ಪೋರ್ಟ್-ಸಿಎಸ್‌ವಿ ಶುದ್ಧ ಆಸ್ಕಿಯಲ್ಲಿ ಬರೆಯುತ್ತದೆ. ಒಂದೇ ಮನೆಯ ಮೂರು ಮಕ್ಕಳು, ಮೂರು ಸ್ವಭಾವ. ಮೂರನೆಯದಕ್ಕೆ ಕನ್ನಡದ ಹೆಸರುಗಳ ಪಟ್ಟಿ ಕೊಟ್ಟರೆ ಹೆಸರಿದ್ದ ಕಡೆಯೆಲ್ಲ ಬರೀ ಪ್ರಶ್ನೆ ಚಿಹ್ನೆ.

ಇಲ್ಲೊಂದು ಮುಖ್ಯ ಮಾತು. ಪೌಂಡು, ಗೀಟು ಬಂದ ನುಡಿ ಫೈಲನ್ನು ಪರಿವರ್ತಕದಿಂದ ಮತ್ತೆ ಕನ್ನಡ ಮಾಡಬಹುದು. ಸಾಲು ಸಾಲು ಪ್ರಶ್ನೆ ಚಿಹ್ನೆಯಾಗಿ ಸೇವ್ ಆದ ಫೈಲಿನಿಂದ ಯಾವ ಜಾಣನೂ ಹೆಸರು ವಾಪಸ್ ತರಲಾರ. ಮೂಲ ಪ್ರತಿ ಇಲ್ಲದಿದ್ದರೆ ಆ ಮಾಹಿತಿ ಸತ್ತಂತೆಯೇ.

ಮೈಕ್ರೋಸಾಫ್ಟ್ 2018ರಲ್ಲಿ ಬಂದ ಪವರ್‌ಶೆಲ್ 6ರಲ್ಲಿ ಇವಕ್ಕೆಲ್ಲ ಯುಟಿಎಫ್-8 ಎಂಬ ಒಂದೇ ಡೀಫಾಲ್ಟ್ ಕೊಟ್ಟಿತು. ಯುಟಿಎಫ್-8 ಎಂದರೆ ಯೂನಿಕೋಡನ್ನು ಫೈಲಿನಲ್ಲಿ ಇಡುವ ಒಂದು ವಿಧಾನ, ಇಂಟರ್‌ನೆಟ್ ನಡೆಯುವುದೇ ಅದರ ಮೇಲೆ. 2019ರಲ್ಲಿ ವಿಂಡೋಸ್‌ನ ನೋಟ್‌ಪ್ಯಾಡ್ ಕೂಡ ಹೊಸ ಫೈಲಿಗೆ ಅದನ್ನೇ ಡೀಫಾಲ್ಟ್ ಮಾಡಿಕೊಂಡಿತು. 2022ರಲ್ಲಿ ಜಾವಾ ಭಾಷೆಯ 18ನೇ ಆವೃತ್ತಿಯೂ ಅದೇ ದಾರಿಗೆ ಬಂತು. ಅಷ್ಟು ದೊಡ್ಡವರು ಹಳೆಯ ಡೀಫಾಲ್ಟನ್ನು ಬಿಟ್ಟುಕೊಡಬಹುದಾದರೆ ನಮ್ಮ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಏನು ಅಡ್ಡಿ?

ಅವರು ಹೇಳುವ ನೆಪ, ನಾವು ಕೊಡುವ ಉತ್ತರ

‘ನಮ್ಮವರಿಗೆ ನುಡಿ ಕೈಗೆ ಬಂದಿದೆ, ಈಗ ಬದಲಾಯಿಸಿ ಅಂದರೆ ಹೇಗೆ?’ ಇದು ಮೊದಲ ನೆಪ. ಮೇಲೆ ನಾವು ಎರಡು ಸಂಗತಿಯನ್ನು ಬೇರೆ ಮಾಡಿದ್ದು ಇದಕ್ಕೇ. ಬೆರಳು ಬದಲಾಗಬೇಕಿಲ್ಲ! ಅದೇ ಎ, ಎಂ, ಎಫ್, ಎಂ ಒತ್ತಲಿ. ಒಳಗೆ ಸೇರುವ ಕೋಡು ಮಾತ್ರ ಯೂನಿಕೋಡ್ ಆಗಲಿ. ಟೈಪ್ ಮಾಡುವವರಿಗೆ ಹೊಸ ಪಾಠವೇ ಇಲ್ಲ. ಕೀಲಿಮಣೆಯ ಅಭ್ಯಾಸವನ್ನು ತೋರಿಸಿ ಕೋಡಿನ ಬದಲಾವಣೆಯನ್ನು ತಡೆಯುವುದು, ಹಾದಿ ಗೊತ್ತಿರುವ ಎತ್ತನ್ನು ತೋರಿಸಿ ಗಾಡಿಯ ಮುರಿದ ಚಕ್ರ ಬದಲಿಸಬೇಡಿ ಎಂದ ಹಾಗೆ.

ಎರಡನೆಯದು ಪ್ರಿಂಟಿಂಗ್ ಪ್ರೆಸ್ಸಿನವರದ್ದು. ಪೇಜ್‌ಮೇಕರ್ ಯೂನಿಕೋಡ್ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾರೆ. ನಿಜ. ತುಮಕೂರಿನಲ್ಲಿ ಲಗ್ನಪತ್ರಿಕೆ, ಕರಪತ್ರ ಮಾಡುವ ಅಣ್ಣಂದಿರ ಹೊಟ್ಟೆಪಾಡಿಗೆ ನಾವು ಕಲ್ಲು ಹಾಕುವುದಿಲ್ಲ. ಆದರೆ ಪೇಜ್‌ಮೇಕರ್ ಹೊಸ ಆವೃತ್ತಿ ಕಂಡು ಎರಡು ದಶಕ ದಾಟಿತು. ಅದಕ್ಕೆ ಬೇಕಾದರೆ ಕೊನೆಯಲ್ಲಿ, ಪ್ರೆಸ್ಸಿನ ಬಾಗಿಲಲ್ಲಿ, ಆ ಒಂದು ಪುಟವನ್ನು ಆಸ್ಕಿಗೆ ಪರಿವರ್ತಿಸಿಕೊಳ್ಳಲಿ. ಒಂದು ಪ್ರೆಸ್ಸಿಗಾಗಿ ಇಡೀ ಜಿಲ್ಲೆಯ ಕಡತ ವೇಷ ಹಾಕಿಕೊಂಡು ಕೂರುವುದು ಬೇಡ.

ಮೂರನೆಯದು, ‘ಯಾರಿಗೆ ಯಾವುದು ಬೇಕೋ ಆರಿಸಿಕೊಳ್ಳಲಿ, ಆಯ್ಕೆ ಕೊಟ್ಟಿದ್ದೇವಲ್ಲ?’ ಆಯ್ಕೆ ಇರಲಿ. ಡೀಫಾಲ್ಟ್ ಎಂದರೆ ನಿಷೇಧವಲ್ಲ. ಬೇಕಾದವರು ಮೆನುವಿಗೆ ಹೋಗಿ ಆಸ್ಕಿ ಹುಡುಕಿಕೊಳ್ಳಲಿ. ಆದರೆ ಹುಡುಕುವ ಕಷ್ಟ ಹಳೆಯದು ಬೇಕೆನ್ನುವವರದ್ದಾಗಲಿ, ಕಾಗದ ಓದಬೇಕಾದ ರೈತನದ್ದಾಗುವುದು ಬೇಡ.

ನಾಲ್ಕನೆಯದು ಮೆತ್ತಗಿನ ನೆಪ: ‘ಪಿಡಿಎಫ್ ಮಾಡಿ ಕಳಿಸುತ್ತೇವಲ್ಲ, ಕಾಣುತ್ತದಲ್ಲ?’ ಕಾಣುತ್ತದೆ, ನಿಜ. ಕಾಗದವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಎಂದರೆ ಫೋಟೋ ಅಷ್ಟೇ. ಅದರಲ್ಲಿ ನಿಮ್ಮ ಸರ್ವೆ ನಂಬರು ಹುಡುಕಲಾಗದು, ಕಣ್ಣು ಕಾಣದವರಿಗೆ ಓದಿಸಲಾಗದು. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಸೆಕ್ಷನ್ ತೆರೆದು ನೋಡಿ. ಮಾಹಿತಿ ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಹೆಚ್ಚು ಪರಿಣಾಮಕಾರಿಯಾದ ಸಂವಹನ ವಿಧಾನವನ್ನೂ ಗಮನದಲ್ಲಿಡಬೇಕು ಎಂದಿದೆ. ಇವತ್ತು ಹಳ್ಳಿಯಲ್ಲಿ ಆ ವಿಧಾನ ಮೊಬೈಲು. ಮೊಬೈಲು ಓದಲಾರದ ಕನ್ನಡವನ್ನು ‘ಸ್ಥಳೀಯ ಭಾಷೆಯಲ್ಲಿ ಕೊಟ್ಟಿದ್ದೇವೆ’ ಎಂದು ಲೆಕ್ಕಕ್ಕೆ ಹಿಡಿಯುವುದು ಹೇಗೆ?

ನಮ್ಮ ಮನೆಯೊಳಗೂ ಇದೆ

ಸರ್ಕಾರವನ್ನು ಬೈದು ಪತ್ರಿಕೆಗಳನ್ನು ಬಿಟ್ಟರೆ ನ್ಯಾಯವಾಗದು. ತಾಲ್ಲೂಕಿನಿಂದ ಸುದ್ದಿ ಕಳಿಸುವ ನಮ್ಮಂಥವರಿಗೆ ಒಂದೊಂದು ಡೆಸ್ಕು ಒಂದೊಂದು ರೀತಿ ಕೇಳುತ್ತದೆ. ಒಬ್ಬರಿಗೆ ನುಡಿ ಆಸ್ಕಿ, ಇನ್ನೊಬ್ಬರಿಗೆ ಶ್ರೀಲಿಪಿ, ಮತ್ತೊಬ್ಬರಿಗೆ ಯೂನಿಕೋಡ್. ನುಡಿಗೂ ಶ್ರೀಲಿಪಿಗೂ ಒಳಗಿನ ಕೋಡು ಬೇರೆ. ಒಂದು ಸುದ್ದಿ ಮೂರು ಸಲ ರೂಪ ಬದಲಿಸಿದರೆ ಪ್ರತಿ ಸಲವೂ ಏನೋ ಉದುರುತ್ತದೆ. ಅರ್ಕಾವೊತ್ತು ಜಾಗ ತಪ್ಪುತ್ತದೆ, ನಡುವೆ ಇದ್ದ ಇಂಗ್ಲಿಷ್ ಪದ ಅರ್ಥವಿಲ್ಲದ ಕನ್ನಡವಾಗುತ್ತದೆ. ಬೆಳಿಗ್ಗೆ ಪತ್ರಿಕೆಯಲ್ಲಿ ಊರಿನ ಹೆಸರು ತಪ್ಪಾಗಿ ಬಂದರೆ ಫೋನ್ ಬರುವುದು ಪರಿವರ್ತಕಕ್ಕಲ್ಲ, ನಮಗೆ.

ಕುಣಿಗಲ್‌ನವರಿಗೆ ಈ ತಾಪತ್ರಯ ಇನ್ನೊಂದು ತೂಕ ಹೆಚ್ಚು. ಅದು ತುಮಕೂರು ಜಿಲ್ಲೆಯ ತಾಲ್ಲೂಕು, ಆದರೆ ಲೋಕಸಭೆಗೆ ಮತ ಹಾಕುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ. ಕಾಗದ ಎರಡು ದಿಕ್ಕಿನಿಂದ ಬರುವ ಊರಿನಲ್ಲಿ ಎರಡು ದಿಕ್ಕಿನವರೂ ಒಂದೇ ಕೋಡಿನಲ್ಲಿ ಬರೆದರೆ ಮಾತ್ರ ಉಳಿಗಾಲ.

ಏನಾಗಬೇಕು

ನಮ್ಮ ಬೇಡಿಕೆ ಐದು. ಒಂದು, ಪಂಚಾಯ್ತಿಯಿಂದ ಜಿಲ್ಲಾಧಿಕಾರಿ ಕಚೇರಿಯವರೆಗೆ ಪ್ರತಿ ಸರ್ಕಾರಿ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿದ ತಕ್ಷಣ ಯೂನಿಕೋಡ್ ಬರುವಂತೆ ಡೀಫಾಲ್ಟ್ ಇರಲಿ, ತಂತ್ರಾಂಶ ಯಾವುದೇ ಆಗಿರಲಿ. ಎರಡು, ಕಚೇರಿಯ ಮಾದರಿ ಪತ್ರಗಳನ್ನೆಲ್ಲ ಒಮ್ಮೆ ಯೂನಿಕೋಡ್ ಮಾಡಿ, ಆಸ್ಕಿಯ ಹಳೆಯ ಮಾದರಿಗಳನ್ನು ಡೆಸ್ಕ್‌ಟಾಪಿನಿಂದ ತೆಗೆದು ಬೇರೆ ಕಡೆ ಜೋಪಾನ ಮಾಡಲಿ. ಮೂರು, ಸರ್ಕಾರಿ ಕೆಲಸಕ್ಕೆ ನಡೆಸುವ ಕನ್ನಡ ಟೈಪಿಂಗ್ ಪರೀಕ್ಷೆ, ತರಬೇತಿ ಎಲ್ಲವೂ ಯೂನಿಕೋಡ್‌ನಲ್ಲೇ ನಡೆಯಲಿ. ನಾಲ್ಕು, ಪಟ್ಟಿ, ನೋಟಿಸು, ನಡಾವಳಿ ಹೊರಗೆ ಹೋಗುವ ಮೊದಲು ಒಂದು ಸಾಮಾನ್ಯ ಮೊಬೈಲಿನಲ್ಲಿ ತೆರೆದು ನೋಡುವುದು ಕಡ್ಡಾಯವಾಗಲಿ. ಒಂದು ನಿಮಿಷದ ಕೆಲಸ. ಐದು, ಪತ್ರಿಕೆಗಳ ಡೆಸ್ಕುಗಳು ಸುದ್ದಿಯನ್ನು ಯೂನಿಕೋಡ್‌ನಲ್ಲಿ ಪಡೆದುಕೊಂಡು ಪರಿವರ್ತನೆ ಬೇಕಿದ್ದರೆ ತಮ್ಮಲ್ಲೇ ಮಾಡಿಕೊಳ್ಳಲಿ.

ಆಗದ ಕೆಲಸ ಎನ್ನುತ್ತೀರಾ? 2014ರ ನವೆಂಬರ್ 1ರಂದು ನಮ್ಮೂರಿನ ಇಂಗ್ಲಿಷ್ ಹೆಸರು ‘ಟುಮ್ಕೂರ್’ ಹೋಗಿ ‘ತುಮಕೂರು’ ಎಂದಾಯಿತು. ಅವತ್ತು ರಾಜ್ಯದ 12 ಊರುಗಳಿಗೆ ಹಾಗಾಯಿತು. ಬೋರ್ಡು ಬದಲಾಗುವುದು ಕಣ್ಣಿಗೆ ಕಾಣುತ್ತದೆ, ಹಾರ ತುರಾಯಿ ಬೀಳುತ್ತದೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಸೆಟ್ಟಿಂಗ್ ಬದಲಾದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ರಾಜ್ಯೋತ್ಸವದ ದಿನ ಹಳದಿ ಕೆಂಪು ಬಾವುಟ ಹಾರಿಸಿ, ಮಾರನೆ ದಿನ ಪೌಂಡು ಚಿಹ್ನೆಯ ನೋಟಿಸು ಕಳಿಸುವುದು ಯಾವ ಕನ್ನಡಾಭಿಮಾನ ಸ್ವಾಮಿ?

ಓದುಗರಿಗೂ ಒಂದು ಕೆಲಸ ಇದೆ. ಇನ್ನು ಮುಂದೆ ಓದಲಾಗದ ಕನ್ನಡ ಫೈಲು ಬಂದರೆ ‘ನಂಗೆ ಮೊಬೈಲ್ ಸರಿಯಾಗಿ ಗೊತ್ತಾಗಲ್ಲ’ ಎಂದು ಹಿಂಜರಿಯಬೇಡಿ. ಫೈಲನ್ನು ಅಳಿಸಬೇಡಿ, ತಿದ್ದಿ ಸೇವ್ ಮಾಡಲೂ ಹೋಗಬೇಡಿ. ಕಳಿಸಿದವರಿಗೇ ವಾಪಸ್ ಬರೆಯಿರಿ: ‘ಇದು ಓದೋಕೆ ಬರುತ್ತಿಲ್ಲ, ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ.’ ಅರ್ಜಿ ಟೈಪ್ ಮಾಡಿಸಲು ಅಂಗಡಿಗೆ ಹೋದಾಗಲೂ ‘ಯೂನಿಕೋಡ್‌ನಲ್ಲಿ ಮಾಡಣ್ಣ, ಫೈಲೂ ಮೊಬೈಲಿಗೆ ಕಳಿಸು’ ಎಂದು ಕೇಳಿ. ಒಬ್ಬರು ಕೇಳಿದರೆ ತಲೆನೋವು ಅನ್ನುತ್ತಾರೆ, ಊರಿನವರೆಲ್ಲ ಕೇಳಿದರೆ ಸೆಟ್ಟಿಂಗ್ ಬದಲಾಯಿಸುತ್ತಾರೆ.